ಶಾಂತಿನಿಕೇತನದ ಬಯಲು ಮೂರ್ತಿಗಳು

ಒಂದು ಊರು ಯಾರನ್ನು ಪೂಜ್ಯರೆಂದು ಬಗೆಯುತ್ತದೆಂಬುದನ್ನು ಅರಿಯಬೇಕಾದರೆ ಅದರ ಚೌಕಗಳಲ್ಲಿಯೂ ಉದ್ಯಾನಗಳಲ್ಲಿಯೂ ನಿಂತಿರುವ ಮೂರ್ತಿಗಳನ್ನು ಒಮ್ಮೆ ನೋಡಿ ಬಂದರೆ ಸಾಕು. ಪರರ ಆಳ್ವಿಕೆಯ ಕಾಲದಲ್ಲಿ ನಮ್ಮ ಪಟ್ಟಣಗಳ ಎತ್ತರವಾದ ಪೀಠಗಳನ್ನೇರಿದವರು ಚಕ್ರವರ್ತಿಗಳು, ರಾಣಿಯರು, ಕಮಿಷನರು ಮಹಾಶಯರು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1906ರಲ್ಲಿ ಸ್ಥಾಪಿತವಾದ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಮೂರ್ತಿಯು ಇಂದಿಗೂ ಅದಕ್ಕೆ ಸಾಕ್ಷಿಯಾಗಿ ನಿಂತಿದೆ. ಸ್ವಾತಂತ್ರ್ಯಾನಂತರ ಪೀಠಗಳ ಮೇಲೆ ನಮ್ಮವರೇ ಬಂದರು. ಅದು ಸಂತೋಷದ ಸಂಗತಿ. ಆದರೆ ಪೀಠದ ಎತ್ತರ ತಗ್ಗಲಿಲ್ಲ. ಕೆಳಗೆ ನಿಂತು ಕತ್ತೆತ್ತಿ ನೋಡುವ ಬಡವನಿಗೆ ಆ ಪಂಕ್ತಿಯಲ್ಲಿ ಎಂದಾದರೂ ಸ್ಥಾನ ದೊರೆತುದುಂಟೇ?

ದೊರೆತುದುಂಟು. ಅದನ್ನು ಕಣ್ಣಾರೆ ಕಾಣುವ ಸುಯೋಗ ಕಳೆದ ಮಾಗಿಯಲ್ಲಿ ನಮಗೆ ಒದಗಿತು. ಕಲ್ಕತ್ತೆಯಿಂದ ಸುಮಾರು 160 ಕಿಲೋಮೀಟರು ದೂರದಲ್ಲಿ, ಬೀರ್‌ಭೂಮ್ ಜಿಲ್ಲೆಯ ಬೋಲ್‌ಪುರ ನಿಲ್ದಾಣದಲ್ಲಿ ರೈಲಿನಿಂದಿಳಿದರೆ ಶಾಂತಿನಿಕೇತನವು ಹತ್ತಿರ. 1863ರಲ್ಲಿ ಮಹರ್ಷಿ ದೇವೇಂದ್ರನಾಥ ಠಾಕೂರರು ಈ ನೆಲವನ್ನು ಪಡೆದಾಗ ಅದು ಕೆಂಪು ಮಣ್ಣಿನ ಬರಿಯ ಬಯಲು. ನೆರಳೆಂದರೆ ಒಂದೆರಡು ಹಾಲೆ ಮರಗಳದು. ಇಂದು ಕಾಣುವ ವನವೆಲ್ಲ ಮನುಷ್ಯರು ನೆಟ್ಟು ನೀರೆರೆದು ಬೆಳೆಸಿದುದು. ಕವಿ ರವೀಂದ್ರರು 1901ರಲ್ಲಿ ಇಲ್ಲಿ ಪಾಠಶಾಲೆಯನ್ನು ತೆರೆದರು. 1919ರಲ್ಲಿ ಕಲಾಭವನವೂ 1921ರಲ್ಲಿ ವಿಶ್ವಭಾರತಿಯೂ ಆರಂಭವಾದುವು. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಸ್ಥಳವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಪುಷ್ಯಮಾಸದ ಬೆಳಗು. ಸಾಲವೃಕ್ಷಗಳ ಬೀದಿಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಖರ್ಜೂರದ ಹೊಸ ಬೆಲ್ಲದ ಕಂಪು ಅಂಗಡಿಗಳಿಂದ ಬರುತ್ತಿತ್ತು. ಕಲಾಭವನದ ಆವರಣಕ್ಕೆ ನಾವು ಕಾಲಿಟ್ಟಾಗ ಮರಗಳ ನಡುವೆ ಯಾರೋ ಮೂಟೆ ಹೊತ್ತು ಬರುತ್ತಿರುವಂತೆ ತೋರಿತು. ಸಮೀಪಿಸಿದಾಗ ತಿಳಿಯಿತು, ಅದೇ 1938ರಲ್ಲಿ ರಾಮಕಿಂಕರ ಬೈಜ್ ಎಂಬ ಶಿಲ್ಪಿಯು ನಿರ್ಮಿಸಿದ ‘ಸಂತಾಲ ಕುಟುಂಬ’. ಗಂಡಸೊಬ್ಬನು ಹೆಗಲಿನ ಅಡ್ಡೆಯಿಂದ ತೂಗುವ ಬುಟ್ಟಿಯಲ್ಲಿ ಮಗುವನ್ನು ಹೊತ್ತು ನಡೆಯುತ್ತಿದ್ದಾನೆ, ಮಗ್ಗುಲಲ್ಲಿ ಹೆಂಡತಿ, ಕಾಲ ಬಳಿ ನಾಯಿ. ಮನೆಯ ಸರ್ವಸ್ವವೂ ಮೈಮೇಲೆಯೇ ಇದೆ. ಕೆಲಸವನ್ನರಸಿ ಊರು ಬಿಟ್ಟು ಹೊರಟ ಕೂಲಿಯ ಸಂಸಾರವಿದು. ಆಕೃತಿಗಳು ಆಳಿಗಿಂತ ದೊಡ್ಡವು. ಆದರೆ ಪೀಠ ಮಾತ್ರ ಬಹಳ ತಗ್ಗು. ನಾವು ನಿಂತ ನೆಲದಲ್ಲಿಯೇ ಅವರೂ ನಡೆಯುತ್ತಾರೆ. ದಾರಿ ಬಿಡಬೇಕಾದವರು ನಾವೇ ಎಂಬ ಭಾವನೆ ಬರುತ್ತದೆ.

ಇದನ್ನು ಕಡೆದ ಪುರುಷನ ಚರಿತ್ರೆಯೂ ಮನನೀಯವಾದುದು. ರಾಮಕಿಂಕರರು 1906ರಲ್ಲಿ ಬಾಂಕುರಾದಲ್ಲಿ ಕ್ಷೌರಿಕ ವೃತ್ತಿಯ ಬಡ ಕುಟುಂಬವೊಂದರಲ್ಲಿ ಜನಿಸಿದರು. ಅಸಹಕಾರ ಚಳವಳಿಯ ಕಾಲದಲ್ಲಿ ರಾಷ್ಟ್ರನಾಯಕರ ಚಿತ್ರಗಳನ್ನು ಬರೆಯುತ್ತಿದ್ದ ಈ ತರುಣನನ್ನು ಗುರುತಿಸಿ 1925ರಲ್ಲಿ ಶಾಂತಿನಿಕೇತನಕ್ಕೆ ಕರೆತಂದವರು ‘ಮಾಡರ್ನ್ ರಿವ್ಯೂ’ ಪತ್ರಿಕೆಯ ಸಂಪಾದಕರಾದ ರಾಮಾನಂದ ಚಟರ್ಜಿಯವರು. ಪತ್ರಿಕಾವೃತ್ತಿಯವರಾದ ನಮಗೆ ಇದು ಹೆಮ್ಮೆಯ ಮಾತು. ಅಲ್ಲಿ ಅವರಿಗೆ ಗುರುಗಳಾಗಿ ದೊರೆತವರು ನಂದಲಾಲ ಬಸುಗಳು; ನಮ್ಮ ಮೈಸೂರು ಸೀಮೆಯ ಕೆ. ವೆಂಕಟಪ್ಪನವರೊಡನೆ ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಬಳಿ ಕಲಿತವರು.

ಕಂಚನ್ನು ಎರೆಯಿಸಲು ಹಣವಿರಲಿಲ್ಲ. ದೊಡ್ಡ ಶಿಲೆಯನ್ನು ತರಿಸುವುದೂ ವೆಚ್ಚದ ಕೆಲಸ. ರಾಮಕಿಂಕರರು ಕಾಲಡಿಯ ಕೆಂಪು ಕಲ್ಲಿನ ಹರಳನ್ನೇ ಆಯ್ದುಕೊಂಡರು. ನಮ್ಮ ಕರಾವಳಿಯವರು ಮುರಕಲ್ಲೆಂದು ಕರೆಯುವ ಜಾತಿಯ ಕಲ್ಲು ಅದು. ಕಬ್ಬಿಣದ ಸರಳುಗಳಿಂದ ಹಂದರ ಕಟ್ಟಿ, ಈ ಹರಳನ್ನು ಸಿಮೆಂಟಿನೊಡನೆ ಕಲಸಿ, ಆ ಹಂದರಕ್ಕೆ ಎರಚಿ, ಆರುವ ಮೊದಲೇ ಕೆತ್ತಿ ರೂಪ ಕೊಟ್ಟರು. ಮೈ ನುಣುಪಾಗಲಿಲ್ಲ, ಬಿಸಿಲಿನಲ್ಲಿ ಬಿರಿದ ಹೊಲದಂತೆ ಒರಟಾಗಿಯೇ ಉಳಿಯಿತು. ಬಡವನ ಮೂರ್ತಿಗೆ ಬಡವನು ತುಳಿಯುವ ನೆಲವೇ ಸಾಮಗ್ರಿಯಾಯಿತು. ಇದಕ್ಕಿಂತ ಉಚಿತವಾದುದು ಬೇರೇನಿದ್ದೀತು?

ಇದಕ್ಕೂ ಮುಂಚೆ, 1935ರಲ್ಲಿ, ಅವರು ನೀಲಗಿರಿ ಮರಗಳ ನಡುವೆ ಮರದಂತೆಯೇ ನೀಳವಾದ ಒಂದು ಸ್ತ್ರೀಮೂರ್ತಿಯನ್ನು ನಿಲ್ಲಿಸಿದ್ದರು. ತಲೆಯ ಮೇಲೆ ಪಾಯಸದ ಪಾತ್ರೆಯೊಂದನ್ನಿಡಿಸಿ ಅವಳನ್ನು ಬುದ್ಧನಿಗೆ ಉಣಿಸಹೊರಟ ಸುಜಾತೆಯನ್ನಾಗಿಸಿದುದು ನಂದಲಾಲರ ಸೂಚನೆ. ಅದನ್ನು ನೋಡಿದ ರವೀಂದ್ರರು, ಆಶ್ರಮವನ್ನೆಲ್ಲ ಇಂತಹ ಮೂರ್ತಿಗಳಿಂದ ತುಂಬಿಬಿಡೆಂದು ಹುರಿದುಂಬಿಸಿದರೆಂದು ಶಿಲ್ಪಿಯೇ ಸ್ಮರಿಸಿಕೊಂಡಿದ್ದಾರೆ. 1956ರ ‘ಗಿರಣಿಯ ಕೂಗು’ ಎಂಬ ಮೂರ್ತಿಯಲ್ಲಿ ಇಬ್ಬರು ಸಂತಾಲ ಹೆಂಗಸರು ಅಕ್ಕಿ ಗಿರಣಿಯ ಕೂಗನ್ನು ಕೇಳಿ ಒದ್ದೆಯ ಸೀರೆಯನ್ನು ಗಾಳಿಗೆ ಹಿಡಿದು ಒಣಗಿಸಿಕೊಳ್ಳುತ್ತ ಓಡುತ್ತಿದ್ದಾರೆ. ಹಿಂದೆ ಮಗುವೊಂದು ಓಡುತ್ತಿದೆ. 1938ರ ಕುಟುಂಬವು ನಡೆಯುತ್ತಿತ್ತು. 1956ರ ಹೆಂಗಸರಿಗೆ ನಡೆಯಲೂ ಪುರಸೊತ್ತಿಲ್ಲ. ಹದಿನೆಂಟು ವರ್ಷಗಳ ನಮ್ಮ ದೇಶದ ಕಥೆಯನ್ನು ಎರಡು ಮೂರ್ತಿಗಳು ಹೀಗೆ ಹೇಳುತ್ತವೆ.

ಸಂತಾಲರೆಂದರೆ 1855ರಲ್ಲಿ ಸಿಧು, ಕಾನ್ಹು ಎಂಬ ಸೋದರರ ನೇತೃತ್ವದಲ್ಲಿ ಜಮೀನುದಾರರನ್ನೂ ಸಾಹುಕಾರರನ್ನೂ ಕುಂಪಣಿ ಸರ್ಕಾರವನ್ನೂ ಎದುರಿಸಿ ನಿಂತ ಜನ. ಅಂಥವರ ವಂಶಜರಿಗೆ, ಪರರಾಜ್ಯವು ಇನ್ನೂ ನಡೆಯುತ್ತಿದ್ದಾಗಲೇ, ಕ್ಷೌರಿಕನ ಮಗನೊಬ್ಬನು ರಾಣಿಯರಿಗೆ ಸಲ್ಲುತ್ತಿದ್ದ ಗೌರವವನ್ನು ಸಲ್ಲಿಸಿದನು. ಯಾರ ಅಪ್ಪಣೆಯನ್ನೂ ಚಂದಾಪಟ್ಟಿಯನ್ನೂ ಅವನು ಕಾಯಲಿಲ್ಲ. 1970ರಲ್ಲಿ ಸರ್ಕಾರವು ಪದ್ಮಭೂಷಣವನ್ನಿತ್ತಿತು. 1980ರಲ್ಲಿ ಅವರು ಕಾಲವಾದರು.

ಬಯಲಿನಲ್ಲಿ ನಿಂತ ಮೂರ್ತಿಗೆ ಅಪಾಯವೂ ಉಂಟು. ಮಳೆಗಾಲದಲ್ಲಿ ಹಾವಸೆ ಹತ್ತುತ್ತದೆ. ಸಣ್ಣ ಬಿರುಕಿನಿಂದ ನೀರಿಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಗ್ಗಿ ಸಿಮೆಂಟನ್ನು ಒಡೆಯುತ್ತದೆ. ಮಾಗಿಯ ಒಣಹವೆಯು ಇವಕ್ಕೆ ದೊರೆಯುವ ಬಿಡುವು. ಹಾಗೆಂದು ಇವನ್ನು ಸಾಲೆಯೊಳಗೆ ಕೂಡಿದರೆ ಬಿಸಿಲು ನೆರಳುಗಳಿಗಾಗಿಯೇ ಹುಟ್ಟಿದ ಕೃತಿಯ ಜೀವವೇ ಹೋದೀತು. ವರ್ಷ ವರ್ಷವೂ ತಜ್ಞರಿಂದ ಪರೀಕ್ಷೆ ಮಾಡಿಸಿ, ಬಿರುಕು ಕಂಡೊಡನೆ ಮುಚ್ಚಿ, ಎಚ್ಚರದಿಂದ ಕಾಯುವುದೊಂದೇ ಇದಕ್ಕಿರುವ ದಾರಿ. ಅನಾವರಣದ ದಿನ ಹೂಮಾಲೆ ಹಾಕಿ ಮರುದಿನ ಮರೆಯುವ ನಮ್ಮ ಅಭ್ಯಾಸಕ್ಕೆ ಈ ಬಗೆಯ ನಿತ್ಯದ ಆರೈಕೆ ಹೊಂದುವುದು ಕಷ್ಟವೇ ಸರಿ.

ನಮ್ಮ ವಾಚಕರಲ್ಲಿ ಪುರಸಭೆಗಳ ಸದಸ್ಯರೂ ಅಧಿಕಾರಿಗಳೂ ಅನೇಕರಿದ್ದಾರೆ. ಅವರಲ್ಲಿ ನಮ್ಮದೊಂದು ವಿಜ್ಞಾಪನೆ. ಸಾಮಾನ್ಯನಿಗೆ ಕಲ್ಲು ನಿಲ್ಲಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದ ಹಳ್ಳಿಗನಿಗೂ ವೀರಗಲ್ಲನ್ನು ನೆಟ್ಟವರು ನಮ್ಮ ಪೂರ್ವಿಕರು. ಆ ಕಲ್ಲುಗಳಲ್ಲಿ ಎಷ್ಟೋ ಇಂದು ಕೆರೆಯ ಏರಿಯ ಮೇಲೆ, ಮುಳ್ಳುಪೊದೆಗಳ ನಡುವೆ, ಕೇಳುವವರಿಲ್ಲದೆ ಬಿದ್ದಿವೆ. ಹೊಸ ಮೂರ್ತಿಗೆಂದು ಹಣ ಮಂಜೂರು ಮಾಡುವ ಮೊದಲು ತಮ್ಮ ಎಲ್ಲೆಯೊಳಗಿರುವ ಇಂಥ ಕಲ್ಲುಗಳನ್ನು ಎತ್ತಿ ನಿಲ್ಲಿಸಿ, ಸುತ್ತಲೂ ನಾಲ್ಕು ಮರಗಳನ್ನು ನೆಡಿಸಲಿ. ಹೊಸದನ್ನು ನಿಲ್ಲಿಸಲೇಬೇಕೆಂದಾದರೆ ಊರಿನ ರಸ್ತೆಯನ್ನು ಹಾಕಿದವರೂ ಕೆರೆಯನ್ನು ತೋಡಿದವರೂ ಯಾರೆಂದು ಸಭೆಯಲ್ಲಿ ಒಮ್ಮೆ ಕೇಳಿಕೊಳ್ಳಲಿ. ಇದರ ಜೊತೆಗೆ ಇನ್ನೊಂದು ಮಾತು: ಕಲ್ಲಿನ ಕೂಲಿಯ ಮುಂದೆ ಕೈಮುಗಿದು, ಅಡ್ಡೆ ಹೊತ್ತು ಊರಿಗೆ ಬಂದ ಜೀವಂತ ಕೂಲಿಗೆ ಇಳಿಯಲು ಸೂರನ್ನೂ ಕುಡಿಯಲು ನೀರನ್ನೂ ಒದಗಿಸದ ಪಟ್ಟಣವು ಎಷ್ಟು ಮೂರ್ತಿಗಳನ್ನು ನಿಲ್ಲಿಸಿದರೇನು ಫಲ?