ಅಲ್ಲಿಗೂ ಸಲ್ಲದ, ಇಲ್ಲಿಗೂ ಸಲ್ಲದ ಪಂಡಿತೆ

ಕ್ರೈಸ್ತ ನಂಬಿಕೆಗೆ ತೆತ್ತ ಬೆಲೆ ಎಂದರೆ ಸಾಮಾನ್ಯವಾಗಿ ನೆನಪಾಗುವುದು ಮನೆ, ಜಾತಿ, ನಂಟರನ್ನು ಕಳೆದುಕೊಂಡವರ ಕಥೆ. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಬಾಸೆಲ್ ಮಿಷನ್ನಿನವರಿಂದ ದೀಕ್ಷಾಸ್ನಾನ ಪಡೆದಾಗ ಊರು ಕದಡಿಹೋಯಿತು. ಹೆಂಡತಿ ಮತ್ತೆ ಅವರ ಮನೆಗೆ ಬರಲಿಲ್ಲ. ಆದರೆ ಪಂಡಿತಾ ರಮಾಬಾಯಿಯವರ ಲೆಕ್ಕ ಬೇರೆ. ಅವರು ಕ್ರೈಸ್ತರಾಗುವ ಹೊತ್ತಿಗೆ ಕಳೆದುಕೊಳ್ಳಲು ಮನೆಯೂ ಉಳಿದಿರಲಿಲ್ಲ, ಜಾತಿಯೂ ಉಳಿದಿರಲಿಲ್ಲ. ಅವರು ತೆತ್ತದ್ದು ಜನರ ವಿಶ್ವಾಸವನ್ನು, ಅದೂ ಎರಡೆರಡು ಕಡೆ.

ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಉಡುಪಿಯ ವಿದ್ವಾಂಸರ ಮುಂದೆ ನಿಂತು ಶಾಸ್ತ್ರಾಧಾರ ಕೊಡಬೇಕಾಯಿತು. ಕೊಟ್ಟರು. ಆದರೂ ಊರಿನ ಗೊಡವೆ ಬೇಡವೆಂದು ಕಾಡು ಸೇರಿದರು. ಮುಂದೆ ಆಸ್ತಿ ಕರಗಿ, ಸಂಸಾರ ಪುರಾಣ ಹೇಳುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯಿತು. 1874ರ ಹಸಿವಿನಲ್ಲಿ ತಂದೆ, ತಾಯಿ ಒಬ್ಬರ ಹಿಂದೊಬ್ಬರು ಹೋದರು. ಅಣ್ಣನೊಡನೆ ನಡೆದು ಕಲ್ಕತ್ತೆ ಮುಟ್ಟಿದ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿಯ ವಿದ್ವಾಂಸರು ಬೆರಗಾದರು. 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳು ಬಂದದ್ದು ಅಲ್ಲಿಯೇ. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಅವರು ಬ್ರಾಹ್ಮಣರಲ್ಲದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧವಿ ಅವರನ್ನು ಮದುವೆಯಾದರು, ಜಾತಿ ಅಲ್ಲಿಗೆ ಮುಗಿಯಿತು. 1882ರಲ್ಲಿ ಗಂಡ ಕಾಲರಾದಿಂದ ಸತ್ತಾಗ ಮಗಳು ಮನೋರಮೆಗೆ ಇನ್ನೂ ವರ್ಷ ತುಂಬಿರಲಿಲ್ಲ.

ಪುಣೆಯ ಸುಧಾರಕರು ಈ ತರುಣ ವಿಧವೆಯನ್ನು ಕೈಹಿಡಿದು ಕರೆದುಕೊಂಡರು. ಶಾಸ್ತ್ರ ಬಲ್ಲ, ಸಭೆಯಲ್ಲಿ ಮಾತಾಡಬಲ್ಲ ಹೆಂಗಸು. ರಾನಡೆ, ಭಾಂಡಾರ್ಕರ್ ಅಂಥವರಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ 1883ರಲ್ಲಿ ವೈದ್ಯ ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದ ರಮಾಬಾಯಿ ಅದೇ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಈ ಸನ್ಯಾಸಿನಿಯರು 'ಕೆಟ್ಟವರು' ಎನಿಸಿಕೊಂಡ ಹೆಂಗಸರನ್ನು ಆರೈಕೆ ಮಾಡುತ್ತಿದ್ದ ರೀತಿಯೇ ತಮ್ಮನ್ನು ಯೇಸುವಿನ ಕಡೆಗೆ ತಿರುಗಿಸಿತು ಎಂದು ಮುಂದೆ ಅವರೇ ಬರೆದಿದ್ದಾರೆ. ಇಂಥವರನ್ನು ಯಾರಾದರೂ ಹತ್ತಿರ ಸೇರಿಸಿದ್ದನ್ನು ಅವರು ಅದುವರೆಗೆ ಎಲ್ಲಿಯೂ ಕಂಡಿರಲಿಲ್ಲ. ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ದೀಕ್ಷಾಸ್ನಾನಕ್ಕೆ ಸ್ವಲ್ಪ ಮುಂಚೆ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡಿದ್ದರು. ಕಿವಿ ಮಂದವಾಗಿದ್ದುದರಿಂದ ವೈದ್ಯದ ಆಸೆಯನ್ನೂ ಬಿಡಬೇಕಾಯಿತು. ಮತಾಂತರದ ಬೆಲೆಯೂ ಕೂಡಲೇ ಬಿತ್ತು: ಇತ್ತ ಪುಣೆಯಲ್ಲಿ ಸಿಡಿಮಿಡಿ. ಬೆನ್ನಿಗೆ ನಿಂತ ಕೆಲವರಲ್ಲಿ ಜ್ಯೋತಿಬಾ ಫುಲೆ ಒಬ್ಬರು.

ಮತ ಬದಲಿಸಿದವರು ಹೊಸ ಮನೆಯಲ್ಲಿ ಹಾಯಾಗಿರುತ್ತಾರೆ ಎಂದುಕೊಳ್ಳುವವರು ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಜೊತೆ ಅವರು ನಡೆಸಿದ ಪತ್ರವ್ಯವಹಾರವನ್ನು ಓದಬೇಕು. ತ್ರಿಯೇಕತ್ವ, ಕನ್ಯಾಜನನದಂಥ ಮಾತುಗಳನ್ನು ಸಭೆ ಹೇಳುತ್ತದೆ ಎಂಬ ಕಾರಣಕ್ಕೇ ಒಪ್ಪಲು ಅವರು ತಯಾರಿರಲಿಲ್ಲ. ಒಬ್ಬ ಪುರೋಹಿತನ ನೊಗ ಇಳಿಸಿ ಬಂದವಳು ಇನ್ನೊಬ್ಬನದನ್ನು ಹೇರಿಸಿಕೊಳ್ಳುವುದಿಲ್ಲ ಎಂಬ ಧಾಟಿಯ ವಾದ. ಸಸ್ಯಾಹಾರ ಬಿಡಲಿಲ್ಲ, ಮೊಟ್ಟೆ ಹಾಕಿದ ಪುಡ್ಡಿಂಗ್ ಕೂಡ ಮುಟ್ಟಲಿಲ್ಲ. ಸಿಸ್ಟರ್‌ಗೆ ಇದು ಜಾತಿಯ ಹಮ್ಮು ಇನ್ನೂ ಇಳಿದಿಲ್ಲವೆಂಬ ಗುರುತು. ಗಂಡಸರಿಗೆ ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಆಂಗ್ಲಿಕನ್ ಬಿಷಪ್ಪರು ಅಡ್ಡಬಂದರು. ಕಲ್ಕತ್ತೆಯ ಪಂಡಿತರ ನಡುವೆ ಕೂತು ಮಾತಾಡಿದವರಿಗೆ ಈ ಕಟ್ಟಳೆ!

ಮುಂದೆ ಅಮೆರಿಕಕ್ಕೆ ಹೋಗಿ ಊರೂರು ಸುತ್ತಿ, ಮೇಲ್ಜಾತಿಯ ಹಿಂದೂ ಹೆಂಗಸರ ಬಾಳಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಅವರು ಹಣ ಕೂಡಿಸಿದರು. ಆ ದಿನಗಳಲ್ಲಿ ಬಹುಕಾಲ ಪುಟ್ಟ ಮಗಳು ದೂರದ ವಾಂಟೇಜಿನಲ್ಲಿ ಇರಬೇಕಾಯಿತು. 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ತೆರೆಯಿತು. ಮುಂದಿನ ವರ್ಷ ಪುಣೆಗೆ ಬಂತು. ಬಾಸ್ಟನ್ನಿನಲ್ಲಿ ಹುಟ್ಟಿದ ರಮಾಬಾಯಿ ಅಸೋಸಿಯೇಷನ್ ಹತ್ತು ವರ್ಷ ಹಣ ಕೊಡುವುದಾಗಿ ಒಪ್ಪಿತ್ತು. ಶಾಲೆಯಲ್ಲಿ ಮತಬೋಧನೆ ಇಲ್ಲ, ಹುಡುಗಿಯರು ತಂತಮ್ಮ ಆಚಾರ ಪಾಲಿಸಿಕೊಳ್ಳಬಹುದು ಎಂಬುದು ಷರತ್ತು. ಸಲಹಾ ಮಂಡಲಿಯಲ್ಲಿ ರಾನಡೆ, ಭಾಂಡಾರ್ಕರ್ ಇದ್ದರು.

ಗಂಟು ಬಿದ್ದದ್ದು ಒಂದು ಬಾಗಿಲಿನ ವಿಷಯಕ್ಕೆ. ರಮಾಬಾಯಿ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳೊಡನೆ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದರು, ಬಾಗಿಲು ತೆರೆದಿರುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಬನ್ನಿ ಎಂದು ಅವರು ಕರೆಯಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಬಾಗಿಲು ಹಾಕಿಕೊಳ್ಳಿ ಎಂದು ಹಿತೈಷಿಗಳು ಹೇಳಿದರೆ, ಹಿಂದೂ ಹುಡುಗಿಯರಿಗೆ ತಮ್ಮ ಪೂಜೆಗೆ ಇರುವ ಬಿಡುವು ನನ್ನ ಪ್ರಾರ್ಥನೆಗೂ ಇರಬೇಡವೇ ಎಂಬುದು ಅವರ ನಿಲುವು. ತಿಲಕರ 'ಕೇಸರಿ' ಪತ್ರಿಕೆ ಹರಿಹಾಯ್ದಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಮಂಡಲಿ ಬಿಟ್ಟರು. ಪಾಲಕರು ಬಂದು ಸುಮಾರು 25 ಹುಡುಗಿಯರನ್ನು ಕರೆದುಕೊಂಡು ಹೋದರು. ಅವರಲ್ಲಿ ಹೆಚ್ಚಿನವರು ವಿಧವೆಯರು. ಓದು ನಿಂತರೆ ಮುಂದೇನೆಂದು ರಮಾಬಾಯಿಗೆ ಚೆನ್ನಾಗಿ ಗೊತ್ತಿತ್ತು.

ಸುಧಾರಕರದು ಬರಿಯ ಹಟ ಎನ್ನುವುದು ನ್ಯಾಯವಲ್ಲ. ನಿಷ್ಪಕ್ಷಪಾತದ ಮಾತು ನಂಬಿ ಅವರು ತಮ್ಮ ಹೆಸರನ್ನು ಒತ್ತೆಯಿಟ್ಟಿದ್ದರು; ಹುಡುಗಿಯರಲ್ಲಿ ಕೆಲವರು ಕ್ರೈಸ್ತರಾದದ್ದೂ ನಿಜ. ಶಾಲೆಯ ಯಜಮಾನಿ ಓದುವ ಪುಸ್ತಕಕ್ಕೆ, ಅನ್ನ ಬಟ್ಟೆಗೆ ಅವಳನ್ನೇ ನೆಚ್ಚಿದ ಹುಡುಗಿಯ ಕಣ್ಣಿನಲ್ಲಿ ಬೇರೆಯೇ ತೂಕ ಇರುತ್ತದೆ. ಇದನ್ನು ರಮಾಬಾಯಿ ಕಡಿಮೆ ಅಂದಾಜು ಮಾಡಿದರು ಎಂದೇ ನನಗನ್ನಿಸುತ್ತದೆ. ಆದರೆ ಬಾಗಿಲು ಮುಚ್ಚಿದ್ದರೆ ಸಿಗುತ್ತಿದ್ದ ಲಾಭ ಅವರಿಗೆ ಕಾಣದೆ ಇರಲಿಲ್ಲ. ಕಂಡೂ ಬೇಡವೆಂದರು.

ಆಮೇಲೆ ಹಿಂದಿರುಗಿ ನೋಡಲಿಲ್ಲ. 1896ರ ಬರದಲ್ಲಿ ಮಧ್ಯಭಾರತದಿಂದ ಹಸಿದ ಹುಡುಗಿಯರನ್ನು ಕರೆತಂದರು. ಸ್ವತಃ ಹಸಿವಿನಲ್ಲಿ ಹೆತ್ತವರನ್ನು ಕಳೆದುಕೊಂಡವರಿಗೆ ಆ ಮುಖಗಳ ಗುರುತು ಹೇಳಿಕೊಡಬೇಕಿರಲಿಲ್ಲ. ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಮುಕ್ತಿ ಸದನ ಬೆಳೆಯಿತು, ಈ ಸಲ ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯಾಗಿ. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಮೀರಿ ಹೆಂಗಸರು, ಮಕ್ಕಳು. ಇತ್ತ ಮಹಾರಾಷ್ಟ್ರದ ಸುಧಾರಣೆಯ ಚರಿತ್ರೆ ಬರೆದವರು ಬಹುಕಾಲ ಅವರ ಹೆಸರನ್ನು ದಾಟಿಕೊಂಡೇ ಹೋದರು.

ಮನೋರಮೆ ತಾಯಿಯ ಬಲಗೈಯಾದರು. 1912ರ ಸುಮಾರಿಗೆ ಗುಲ್ಬರ್ಗದಲ್ಲಿ ತಾಯಿ ತೆರೆದ ಶಾಲೆಯ ಹೊಣೆ ಹೊತ್ತವರೂ ಅವರೇ. ದುಡಿದು ದುಡಿದು ದೇಹ ಸೋತು, 1921ರ ಜುಲೈಯಲ್ಲಿ 40ರ ವಯಸ್ಸಿಗೆ ತೀರಿಕೊಂಡರು. ಮುಕ್ತಿಯನ್ನು ಮಗಳಿಗೆ ವಹಿಸಬೇಕೆಂದಿದ್ದ ತಾಯಿ ಆಗ ಕೊನೆಯ ಕೆಲಸದಲ್ಲಿ ಮುಳುಗಿದ್ದರು: ಇಡೀ ಬೈಬಲನ್ನು ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಗೆ ತರುವುದು. ಅದಕ್ಕಾಗಿ ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತಿದ್ದರು. ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಮುಕ್ತಿಯ ಹುಡುಗಿಯರೇ. ಕೆಲಸ ಮುಗಿಸಿ 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣುಮುಚ್ಚಿದರು. ಮರಾಠಿ ಸಭೆಗಳಲ್ಲಿ ಬಳಕೆಗೆ ಉಳಿದದ್ದು ಮಾತ್ರ ಬೈಬಲ್ ಸೊಸೈಟಿಯ ಅನುವಾದವೇ.