ಅಟ್ಟ ಹೋಯಿತು, ಸೆಕೆ ಬಂತು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಹೆಂಚಿನ ಮನೆಗಳು ಇಳಿದು ತಾರಸಿ ಮನೆಗಳು ಏಳುತ್ತಿವೆ. ಹೊಸ ಮನೆ ಕಟ್ಟುವವರಿಗೆ ಹಳೇ ಮನೆ ಹೇಳುವ ಮಾತೇನಾದರೂ ಇದೆಯೇ?

ಮಾರ್ಚ್ ತಿಂಗಳ ಮಧ್ಯಾಹ್ನ ಎರಡು ಗಂಟೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿದೆ. ಹೊಸ ಮನೆಯಲ್ಲಿ ಓದುವುದಕ್ಕೆಂದೇ ಮಹಡಿಯ ಮೇಲೊಂದು ಕೋಣೆ ಇದೆ. ಮೇಜು, ಕುರ್ಚಿ, ಫ್ಯಾನು ಎಲ್ಲವೂ ಇವೆ. ಇಲ್ಲದಿರುವುದು ಅಲ್ಲಿ ಕೂತು ಓದಬೇಕಾದ ಹುಡುಗ ಮಾತ್ರ. ಅವನು ಪುಸ್ತಕ ಹಿಡಿದು ಹಿಂದಿನ ಹಳೇ ಮನೆಯ ಪಡಸಾಲೆಯಲ್ಲಿ, ಅಜ್ಜಿಯ ಪಕ್ಕ ಕಂಬಕ್ಕೊರಗಿ ಕುಳಿತಿದ್ದಾನೆ. "ಲಕ್ಷಗಟ್ಟಲೆ ಸುರಿದು ಕಟ್ಟಿಸಿದ ರೂಮು ಬಿಟ್ಟು ಇಲ್ಯಾಕೋ ಕೂತಿದ್ದೀಯ?" ಎಂದು ಅಪ್ಪ ಗದರಿದರೆ, "ಅಲ್ಲಿ ಕೂತ್ರೆ ಕಾವಲಿ ಮೇಲೆ ಕೂತಂಗಾಗುತ್ತೆ ಕಣಪ್ಪ" ಎಂಬ ಉತ್ತರ ಸಿದ್ಧವಾಗಿದೆ.

ತೆಂಗಿನ ಸೀಮೆಯ ಯಾವ ಹಳ್ಳಿಯಲ್ಲಾದರೂ ಈ ದೃಶ್ಯ ಕಾಣಬಹುದು. ಹಳೇ ಮನೆ ಹಿಂದೆ, ಹೊಸ ಮನೆ ಮುಂದೆ. ಅತಿಥಿಗಳು ಬಂದರೆ ಮುಂದಿನ ಮನೆಯಲ್ಲಿ ಕಾಫಿ. ಮಧ್ಯಾಹ್ನದ ನಿದ್ದೆಗೆ ಹಿಂದಿನ ಮನೆ. ಹಳೆಯದನ್ನು ಪೂರ್ತಿ ಕೆಡವಿದವರಿಗಂತೂ ಆ ಭಾಗ್ಯವೂ ಇಲ್ಲ. ಕೈಯಲ್ಲಿ ದುಡ್ಡಿದ್ದು, ಸಿಮೆಂಟು, ಕಬ್ಬಿಣ, ಟೈಲ್ಸು ಎಲ್ಲವನ್ನೂ ತಂದು ಕಟ್ಟಿದ ಮನೆ ಯಾಕೆ ಹೀಗೆ ಕಾಯುತ್ತದೆ? ಅಜ್ಜ ಮಣ್ಣು ಕಲಸಿ ಕಟ್ಟಿದ ಮನೆ ಯಾಕೆ ತಣ್ಣಗಿರುತ್ತದೆ? ಇದರ ಉತ್ತರ ಶಾಲೆಯ ವಿಜ್ಞಾನ ಪುಸ್ತಕದಲ್ಲೇ ಇದೆ.

ಅಟ್ಟದ ಗುಟ್ಟು

ತಿಪಟೂರು ದೇಶಕ್ಕೆಲ್ಲ ಗೊತ್ತಿರುವುದು ಉಂಡೆ ಕೊಬ್ಬರಿಯಿಂದ. ಈ ಕೊಬ್ಬರಿಯನ್ನು ಬಿಸಿಲಿಗೆ ಹರವಿ ಒಣಗಿಸುವುದಿಲ್ಲ. ಚೆನ್ನಾಗಿ ಬಲಿತ ಕಾಯನ್ನು ಮಟ್ಟೆಸಮೇತ ಅಟ್ಟದ ಮೇಲೆ ಹಾಕಿ, ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎಂದಾಗ ಕೊಬ್ಬರಿ ಆಯಿತೆಂದು ಲೆಕ್ಕ. ಇದಕ್ಕೆ ಬೇಕಾದದ್ದು ಮಳೆ ತಾಗದ, ಗಾಳಿ ಆಡುವ, ನೆಲದ ತೇವ ಹತ್ತದ ಜಾಗ.

ಆ ಜಾಗ ಮನೆಯೊಳಗೇ ಇತ್ತು. ಗೋಡೆಯಿಂದ ಗೋಡೆಗೆ ತೊಲೆ, ಅದರ ಮೇಲೆ ಗಾಳಿಗೆ ಸಂದು ಬಿಟ್ಟು ಜೋಡಿಸಿದ ದಬ್ಬೆ, ಅದರ ಮೇಲೆ ಸಾವಿರಾರು ಕಾಯಿ, ಅದಕ್ಕೂ ಮೇಲೆ ಇಳಿಜಾರು ಹೆಂಚಿನ ಮಾಡು. ಮನೆಯವರು ಇದನ್ನು ಕಟ್ಟಿದ್ದು ಕೊಬ್ಬರಿಗಾಗಿ. ತಂಪು ದೊರೆತದ್ದು ಅದರ ಜೊತೆಯ ಲಾಭ. ಯಾಕೆಂದರೆ ತೆಂಗಿನ ಮಟ್ಟೆಯೆಂದರೆ ನಾರು ಮತ್ತು ನಾರಿನ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದ ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಕಂಬಳಿ ಚಳಿಯನ್ನು ತಡೆಯುವುದು ಇದೇ ಗುಣದಿಂದ. ಬಿಸಿಲಿಗೆ ಹೆಂಚು ಕಾದರೂ ಆ ಕಾವು ಹೆಂಚಿನ ಸಂದುಗಳಲ್ಲಿ ಸ್ವಲ್ಪ ಹೊರಟುಹೋಗುತ್ತಿತ್ತು. ಉಳಿದದ್ದಕ್ಕೆ ಕಾಯಿಯ ರಾಶಿ ಅಡ್ಡ ನಿಲ್ಲುತ್ತಿತ್ತು. ಕೆಳಗೆ ಕೂತವರಿಗೆ ತಲೆಯ ಮೇಲೊಂದು ದಪ್ಪ ಕಂಬಳಿ ಹೊದಿಸಿದಂತಾಗುತ್ತಿತ್ತು.

ಗೋಡೆಯ ಲೆಕ್ಕವೂ ಹೀಗೆಯೇ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯನ್ನು ದಾಟಿ ಹೊರಗಿನ ಬಿಸಿಲು ಒಳಗೆ ಬರಬೇಕಾದರೆ ಹಗಲೇ ಮುಗಿದಿರುತ್ತದೆ. ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಬೇಸಿಗೆಯಲ್ಲೂ ರಾತ್ರಿ ಗಾಳಿ ತಣ್ಣಗಾಗುತ್ತದೆ. ಹಗಲು ಹೀರಿದ ಕಾವನ್ನು ಗೋಡೆ ರಾತ್ರಿ ಬಿಟ್ಟುಕೊಟ್ಟು, ಬೆಳಗಿನ ಹೊತ್ತಿಗೆ ಮತ್ತೆ ತಣ್ಣಗೆ ನಿಂತಿರುತ್ತದೆ.

ಸೂರ್ಯ ಎಲ್ಲಿ ನಿಲ್ಲುತ್ತಾನೆ?

ತಿಪಟೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರ ಇಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಅಂದರೆ ಬೇಸಿಗೆಯ ನಡುಹಗಲಿನ ಏಟು ಬೀಳುವುದು ಗೋಡೆಗಿಂತ ಹೆಚ್ಚಾಗಿ ಚಾವಣಿಗೆ. ಶುಭ್ರ ಆಕಾಶದ ನಡುಹಗಲಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಬೀಳುವ ಬಿಸಿಲಿನ ಶಕ್ತಿ ಸುಮಾರು ಒಂದು ಸಾವಿರ ವ್ಯಾಟ್. ನೂರು ಚದರ ಮೀಟರ್ ತಾರಸಿಯೆಂದರೆ ಒಂದೊಂದು ಕಿಲೋವ್ಯಾಟಿನ ನೂರು ಹೀಟರುಗಳನ್ನು ಮೇಲೆ ಹರವಿದಂತೆ! ಅದರಲ್ಲಿ ಒಂದಷ್ಟು ಪ್ರತಿಫಲಿಸಿ ವಾಪಸು ಹೋಗುವುದು ನಿಜ. ಆದರೆ ಮಳೆಗೆ ಪಾಚಿಗಟ್ಟಿ ಕಪ್ಪಾದ ತಾರಸಿ ಹೆಚ್ಚಿನ ಪಾಲನ್ನು ನುಂಗಿಕೊಳ್ಳುತ್ತದೆ.

ನಾಲ್ಕೈದು ಅಂಗುಲದ ಕಾಂಕ್ರೀಟು ಆ ಕಾವನ್ನು ಕೆಲವೇ ತಾಸುಗಳಲ್ಲಿ ಕೆಳಗೆ ದಾಟಿಸುತ್ತದೆ. ಸಂಜೆ ಹೊರಗೆ ತಂಗಾಳಿ ಬೀಸುವಾಗ ಒಳಗಿನ ಚಾವಣಿ ಇನ್ನೂ ಬೆಚ್ಚಗಿರುವುದು ಇದರಿಂದಲೇ. ಫ್ಯಾನು ಹಾಕಿದರೆ ಆ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತದೆ.

ದೂರದ ಮನೆ, ಹತ್ತಿರದ ಪಾಠ

ಈಚೆಗೆ ಮನೆಯ ನಕ್ಷೆ ಬರೆಸುವವರು ಮೊಬೈಲಿನಲ್ಲಿ ಚಿತ್ರ ತೋರಿಸಿ "ಇಂಥದ್ದೇ ಬೇಕು" ಎನ್ನುವುದುಂಟು. ಆ ಚಿತ್ರಗಳಲ್ಲಿ 'ಮೆಡಿಟರೇನಿಯನ್ ಶೈಲಿ'ಗೆ ಬಹಳ ಬೇಡಿಕೆ. ಬೆಳ್ಳಗಿನ ಗೋಡೆ, ಕಮಾನು, ಕೆಂಪು ಹೆಂಚು, ದೊಡ್ಡ ಗಾಜಿನ ಕಿಟಕಿ. ನೋಡುವುದಕ್ಕೇನೋ ಚೆನ್ನ. ಆದರೆ ಅದು ಬೇರೆ ಸೂರ್ಯನಿಗೆ ಕಟ್ಟಿದ ಮನೆ.

ಗ್ರೀಸಿನ ಅಥೆನ್ಸ್ ನಗರ 38 ಡಿಗ್ರಿ ಉತ್ತರದಲ್ಲಿದೆ. ಅಲ್ಲಿ ಬೇಸಿಗೆ ಒಣ, ಮಳೆ ಚಳಿಗಾಲಕ್ಕೆ. ಡಿಸೆಂಬರಿನ ಮಧ್ಯಾಹ್ನ ಅಲ್ಲಿನ ಸೂರ್ಯ ದಿಗಂತದಿಂದ 29 ಡಿಗ್ರಿ ಮೇಲೇರುವುದೂ ಕಷ್ಟ. ಆ ಓರೆ ಬಿಸಿಲನ್ನು ಒಳಗೆ ಕರೆದುಕೊಳ್ಳಲು ದಕ್ಷಿಣದ ದೊಡ್ಡ ಕಿಟಕಿ ಬೇಕು. ಅದೇ ಡಿಸೆಂಬರಿನಲ್ಲಿ ತಿಪಟೂರಿನ ಸೂರ್ಯ 53 ಡಿಗ್ರಿಯಷ್ಟು ಮೇಲಿರುತ್ತಾನೆ. ಇಲ್ಲಿ ಮನೆ ಬೆಚ್ಚಗೆ ಮಾಡುವ ತಾಪತ್ರಯವೇ ಇಲ್ಲ. ಅಲ್ಲಿನ ಕಿಟಕಿ ತಂದು ಇಲ್ಲಿ ಪಶ್ಚಿಮಕ್ಕೆ ಇಟ್ಟರೆ ಸಂಜೆಯ ಬಿಸಿಲಿಗೆ ಔತಣ ಕೊಟ್ಟಂತೆ.

ಹಾಗೆಂದು ಅಲ್ಲಿಂದ ಕಲಿಯುವುದೇ ಇಲ್ಲವೆಂದಲ್ಲ. ಅಲ್ಲಿನ ಸುಣ್ಣದ ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುವ ಉಪಾಯ. ಅದು ಇಲ್ಲಿಗೂ ಒಪ್ಪುತ್ತದೆ. ಇನ್ನೊಂದು ಸೋಜಿಗ ನೋಡಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋದ ಪಾಂಪೆ ನಗರದ ಮನೆಗಳ ನಡುವೆ ಆಕಾಶಕ್ಕೆ ತೆರೆದ ಹಜಾರ, ಸುತ್ತಲೂ ಒಳಮುಖವಾಗಿ ಇಳಿಯುವ ಹೆಂಚಿನ ಮಾಡು, ಕೆಳಗೆ ಮಳೆ ನೀರು ಹಿಡಿಯುವ ತೊಟ್ಟಿ ಇವೆ. ಹಳೇ ಮೈಸೂರು ಸೀಮೆಯ ತೊಟ್ಟಿಮನೆ ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಕಂಡರಿಯದ ಎರಡು ಸೀಮೆಯ ಜನ ಬೆಳಕು, ಗಾಳಿ, ನೀರು ಮೂರಕ್ಕೂ ಒಂದೇ ಉತ್ತರ ಕಂಡುಕೊಂಡಿದ್ದರು. ನಕಲು ಮಾಡಬೇಕಾದದ್ದು ಕಮಾನನ್ನಲ್ಲ, ಈ ಯೋಚನೆಯನ್ನು.

ಹಳೇ ಮನೆ ಸ್ವರ್ಗವೇನಲ್ಲ

ಹಳೇ ಮನೆಯನ್ನು ಹೊಗಳುವುದು ಸುಲಭ. ಅದನ್ನು ಸಾರಿಸಿ ಗುಡಿಸುವವರು ಬೇರೆ. ಮುಂಗಾರಿಗೆ ಮುಂಚೆ ಪ್ರತಿವರ್ಷ ಹೆಂಚು ಕೈಯಾಡಿಸಬೇಕು. ಒಂದು ಹೆಂಚು ಜಾರಿದರೂ ನಡುರಾತ್ರಿ ಪಾತ್ರೆ ಹಿಡಿದು ಓಡಾಟ. ತೊಲೆಗೆ ಗೆದ್ದಲು, ಅಟ್ಟಕ್ಕೆ ಇಲಿ, ಗೋಡೆಯ ಸಂದಿಗೆ ಚೇಳು. ಅಡುಗೆಮನೆಯ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡವರು ಹೆಂಗಸರು. ಎಷ್ಟೋ ಮನೆಗಳಲ್ಲಿ ಓದುವ ಮಕ್ಕಳಿಗೆ ಬೆಳಕೂ ಇರಲಿಲ್ಲ, ಏಕಾಂತವೂ ಇರಲಿಲ್ಲ. ಅಣ್ಣತಮ್ಮಂದಿರು ಭಾಗವಾದಾಗ ತೊಟ್ಟಿಯ ನಡುವೆಯೇ ಗೋಡೆ ಎದ್ದು ಗಾಳಿ, ಬೆಳಕು ಎರಡೂ ನಿಂತುಹೋದ ಮನೆಗಳೂ ಇವೆ. ಹೊಸ ಮನೆ ಬೇಕೆಂಬ ಆಸೆಯಲ್ಲಿ ತಪ್ಪೇನಿಲ್ಲ.

ಮಂಗಳೂರು ಹೆಂಚೂ ಒಂದು ಕಾಲದ ಹೊಸ ಶೋಕಿಯೇ ಅಲ್ಲವೇ? ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮುಂಚೆ ಕುಂಬಾರರ ನಾಡಹೆಂಚು, ಹುಲ್ಲು, ತೆಂಗಿನ ಗರಿ ಇವೇ ಚಾವಣಿ. ಕಾಲಕ್ಕೆ ತಕ್ಕಂತೆ ಮನೆ ಬದಲಾಗುತ್ತಲೇ ಬಂದಿದೆ. ಬದಲಾಗುವಾಗ ಏನನ್ನು ಉಳಿಸಿಕೊಳ್ಳಬೇಕೆಂಬುದೇ ಪ್ರಶ್ನೆ.

ನಡುದಾರಿ ತೋರಿದವರು

ಈ ಪ್ರಶ್ನೆಯನ್ನು ಗಂಭೀರವಾಗಿ ಹಿಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು. 1974ರಲ್ಲಿ ಅಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಘಟಕ ಆರಂಭವಾಯಿತು. ಅದೇ ಈಗಿನ ಸುಸ್ಥಿರ ತಂತ್ರಜ್ಞಾನ ಕೇಂದ್ರ. ಮಣ್ಣಿಗೆ ಹದವರಿತು ಮರಳು, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ ತೆಗೆಯುವ ಮಣ್ಣಿನ ಇಟ್ಟಿಗೆಯನ್ನು ಅವರು ಬೆಳೆಸಿದರು. ಇದನ್ನು ಗೂಡಿನಲ್ಲಿ ಸುಡಬೇಕಿಲ್ಲ. ಮೂರು ನಾಲ್ಕು ವಾರ ನೀರುಣಿಸಿದರೆ ಸಾಕು. ಸುಡಲು ಬೇಕಾದ ಸೌದೆ ಉಳಿಯುತ್ತದೆ. ಮಣ್ಣು ಯಾವುದಾದರೂ ನಡೆಯದು. ಜೇಡಿ ಹೆಚ್ಚಾದರೆ ಬಿರುಕು ಬಿಡುತ್ತದೆ. ಪರೀಕ್ಷೆ ಮಾಡಿಯೇ ಬಳಸಬೇಕು.

ಇನ್ನೊಬ್ಬರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಕೇರಳದಲ್ಲಿ ನೆಲೆನಿಂತು, 2007ರಲ್ಲಿ ತೀರಿಕೊಂಡ ಈ ವಾಸ್ತುಶಿಲ್ಪಿ ಕಾಂಕ್ರೀಟ್ ತಾರಸಿಯ ಕೆಳಭಾಗದಲ್ಲಿ ಹಳೇ ಮಂಗಳೂರು ಹೆಂಚುಗಳನ್ನು ಹುದುಗಿಸಿ ಸುರಿಸುತ್ತಿದ್ದರು. ಕಾಂಕ್ರೀಟು ಕಡಿಮೆ, ಭಾರ ಕಡಿಮೆ, ನಡುವಿನ ಗಾಳಿಯಿಂದ ಕಾವೂ ಕಡಿಮೆ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ಗೋಡೆಯನ್ನೂ ಅವರು ಜನಪ್ರಿಯಗೊಳಿಸಿದರು. ಅದರಲ್ಲಿ ಕಾಲು ಭಾಗದಷ್ಟು ಇಟ್ಟಿಗೆ ಮಿಗುತ್ತದೆ. ಕೆಡವಿದ ಮನೆಯ ಹೆಂಚನ್ನು ಹಿತ್ತಲಲ್ಲಿ ಪೇರಿಸಿಟ್ಟವರು ಇದನ್ನು ನೆನಪಿಡಬಹುದು.

ಕಟ್ಟುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಎರಡಕ್ಕೂ ಸಾಲವಾಗುತ್ತದೆ. ಮನೆಯ ತಪ್ಪು ಮಾತ್ರ ಪ್ರತಿ ಬೇಸಿಗೆಯಲ್ಲೂ ಬಡ್ಡಿ ಕೇಳುತ್ತದೆ. ಹೆಚ್ಚು ಖರ್ಚಿಲ್ಲದ ಕೆಲವು ಸಂಗತಿಗಳನ್ನು ನಕ್ಷೆಯ ಹಂತದಲ್ಲೇ ಯೋಚಿಸಬಹುದು.

ಪಶ್ಚಿಮದ ಗೋಡೆಗೆ ಮಲಗುವ, ಓದುವ ಕೋಣೆ ಬೇಡ. ಮೆಟ್ಟಿಲು, ಬಚ್ಚಲು, ಉಗ್ರಾಣ ಆ ಕಡೆ ಇರಲಿ. ಎದುರುಬದುರು ಕಿಟಕಿ, ಚಾವಣಿಯ ಹತ್ತಿರ ಬಿಸಿಗಾಳಿ ಹೋಗುವ ಕಿಂಡಿ ಇರಲಿ. ಸಜ್ಜಾ ಅಗಲವಾಗಿರಲಿ. ಆಗಲೇ ತಾರಸಿ ಹಾಕಿಸಿದವರು ಬೇಸಿಗೆಗೆ ಮುಂಚೆ ಅದಕ್ಕೆ ಬಿಳಿ ಸುಣ್ಣ ಬಳಿಸಿದರೂ ವ್ಯತ್ಯಾಸ ತಿಳಿಯುತ್ತದೆ. ತೆಂಗಿನ ನೆರಳು ತೆಳು, ಜೊತೆಗೆ ಕಾಯಿ ಬೀಳುವ ಭಯ. ಮನೆಯ ಪಶ್ಚಿಮಕ್ಕೆ ಹೊಂಗೆ, ಬೇವು, ಮಾವು ಲೇಸು.

ಕೊಬ್ಬರಿಯ ಮಾತೂ ಇದೆ. ಅಟ್ಟವಿಲ್ಲದ ಮನೆ ಕಟ್ಟಿದ ರೈತ ಆಮೇಲೆ ತೋಟದಲ್ಲಿ ಬೇರೆ ಶೆಡ್ಡು ಕಟ್ಟಿಸುತ್ತಾನೆ. ಅದರ ಬದಲು ತಾರಸಿಯ ಮೇಲೆಯೇ ಹೆಂಚಿನ ಮಾಡು ಇಳಿಸಿ, ಸಂದು ಬಿಟ್ಟ ದಬ್ಬೆಯ ಅಟ್ಟ ಹಾಕಿದರೆ ಕೊಬ್ಬರಿಗೂ ಜಾಗ, ಕೆಳಗಿನವರಿಗೂ ತಂಪು. ಕಾಯಿಯ ಭಾರ ಸಣ್ಣದಲ್ಲ. ತಾರಸಿಯ ಲೆಕ್ಕವನ್ನು ಎಂಜಿನಿಯರಿಗೆ ಮೊದಲೇ ಹೇಳಿ ಮಾಡಿಸಬೇಕು.

ನೀರಿನ ಲೆಕ್ಕ ಇನ್ನೂ ಸುಲಭ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರ್. ನೂರು ಚದರ ಮೀಟರ್ ಚಾವಣಿಯ ಮೇಲೆ 650 ಮಿಲಿಮೀಟರ್ ಮಳೆ ಬಿದ್ದರೆ 65,000 ಲೀಟರ್. ಒಂದಿಷ್ಟು ಸೋರಿ ಆರಿದರೂ ಉಳಿದದ್ದು ಕಡಿಮೆಯಲ್ಲ. ಕೊಳವೆಬಾವಿ ಕೊರೆಸಿ ಕೈ ಸುಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು.

ವಿದ್ಯಾರ್ಥಿಗಳಿಗೊಂದು ಕೆಲಸ

ಇಷ್ಟನ್ನೂ ಸುಮ್ಮನೆ ನಂಬಬೇಕಿಲ್ಲ. ಶಾಲೆಯ ಪ್ರಯೋಗಾಲಯದಿಂದ ಎರಡು ಉಷ್ಣಮಾಪಕ ತಂದು (ಜ್ವರ ನೋಡುವುದಲ್ಲ), ಒಂದನ್ನು ತಾರಸಿ ಕೋಣೆಯಲ್ಲಿ, ಇನ್ನೊಂದನ್ನು ಅಟ್ಟವಿರುವ ಹೆಂಚಿನ ಮನೆಯಲ್ಲಿ ಒಂದೇ ಎತ್ತರಕ್ಕೆ, ಬಿಸಿಲು ತಾಗದಂತೆ ತೂಗುಹಾಕಿ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತು ಗಂಟೆಗೆ ವಾರವಿಡೀ ಬರೆದು ನಕ್ಷೆ ಎಳೆಯಿರಿ. ಹೆಚ್ಚು ಗಮನಿಸಬೇಕಾದದ್ದು ರಾತ್ರಿಯ ಅಂಕಿ. ಊರಿನ ಹಳೇ ಮನೆಯೊಂದನ್ನು ಟೇಪು ಹಿಡಿದು ಅಳೆದು, ಗೋಡೆಯ ದಪ್ಪ, ಕಿಟಕಿಯ ದಿಕ್ಕು ಗುರುತಿಸಿ ಚಿತ್ರ ಬರೆದಿಟ್ಟರೆ ಆ ಮನೆ ಇಳಿದ ಮೇಲೂ ಅದರ ಲೆಕ್ಕ ಉಳಿಯುತ್ತದೆ.

ಇದರಲ್ಲಿ ರುಚಿ ಹತ್ತಿದವರಿಗೆ ಮುಂದೆ ದಾರಿಯೂ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಸೇರಬಹುದು. ಪಿಯುಸಿಯಲ್ಲಿ ಗಣಿತ ಓದಿ, ಪ್ರವೇಶ ಪರೀಕ್ಷೆ ಬರೆದರೆ ಐದು ವರ್ಷದ ವಾಸ್ತುಶಿಲ್ಪ ಪದವಿ. 1972ರ ಕಾಯಿದೆಯ ಪ್ರಕಾರ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳಬಹುದು. ಚಿತ್ರ ಬರೆಯುವ ಕೈ, ಲೆಕ್ಕ ಮಾಡುವ ತಲೆ ಎರಡೂ ಬೇಕಾದ ವಿದ್ಯೆ ಇದು. "ಚಿತ್ರ ಬರೆದು ಹೊಟ್ಟೆ ತುಂಬುತ್ತಾ?" ಎಂದು ಮಕ್ಕಳನ್ನು ಗದರುವ ಮುನ್ನ ತಂದೆತಾಯಿ ಒಮ್ಮೆ ಯೋಚಿಸಬಹುದು.

ಪಡಸಾಲೆಯ ಕಂಬಕ್ಕೊರಗಿ ಓದುತ್ತಿರುವ ಹುಡುಗ ಮುಂದೊಂದು ದಿನ ತನ್ನ ಮನೆ ಕಟ್ಟುತ್ತಾನೆ. ಆ ಹೊತ್ತಿಗೆ ಅಜ್ಜಿಯೂ ಇರಲಾರಳು, ಹಳೇ ಮನೆಯೂ ಇರಲಾರದು. ತಾನು ಅಲ್ಲಿ ಯಾಕೆ ಹೋಗಿ ಕೂರುತ್ತಿದ್ದೆ ಎಂಬುದನ್ನು ಅವನು ಮರೆಯದಿದ್ದರೆ ಸಾಕು; ಅವನ ಮಕ್ಕಳು ಓದಲು ಬೇರೆ ಮನೆ ಹುಡುಕಬೇಕಾಗುವುದಿಲ್ಲ.