ಸೊಂಟನೋವು ಮತ್ತು ಬೆನ್ನಿನ ಒಳಸ್ನಾಯುಗಳು

ಮುಂಬಯಿಯ ಕನ್ನಡಿಗರ ದಿನಚರಿಯಲ್ಲಿ ಲೋಕಲ್ ರೈಲಿನ ಪ್ರಯಾಣಕ್ಕೆ ದೊಡ್ಡ ಪಾಲಿದೆ. ಡೊಂಬಿವಲಿಯಿಂದಲೋ ವಿರಾರಿನಿಂದಲೋ ಹೊರಟವರು ಗಂಟೆಗೂ ಮಿಕ್ಕಿ ನಿಂತೇ ಸಾಗಬೇಕು. ಕಚೇರಿ ಸೇರಿದ ಮೇಲೆ ದಿನವಿಡೀ ಕುಳಿತೇ ಇರಬೇಕು. ಇಂಥವರ ಬಾಯಲ್ಲಿ ಸೊಂಟನೋವಿನ ದೂರು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನ ಸುಮಾರು 62 ಕೋಟಿ ಜನರಿಗೆ ಈ ಬಾಧೆಯಿತ್ತು. ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲಿಕವೆನ್ನುತ್ತಾರೆ.

ಬೆನ್ನಿನ ಹೊರಪದರದ ಉದ್ದ ಸ್ನಾಯುಗಳು ಬಾಗಿದ ದೇಹವನ್ನು ಮೇಲೆತ್ತುತ್ತವೆ. ಒಳಪದರದ ‘ಮಲ್ಟಿಫಿಡಸ್’ ಎಂಬ ಸ್ನಾಯುವಿನ ಗಿಡ್ಡ ಎಳೆಗಳು ಬೆನ್ನುಮೂಳೆಯ ಮಣಿಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸುತ್ತವೆ. ಹೊಟ್ಟೆಯ ಆಳದಲ್ಲಿ ನಡುಪಟ್ಟಿಯಂತೆ ಸುತ್ತಿಕೊಂಡಿರುವ ‘ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್’ ಇದಕ್ಕೆ ನೆರವಾಗುತ್ತದೆ.

ರೈಲಿನಲ್ಲಿ ಹಿಡಿಕೆಗಾಗಿ ಥಟ್ಟನೆ ಕೈಯೆತ್ತಿದಾಗ ದೇಹದ ತೂಕ ವಾಲುತ್ತದೆ. ಆರೋಗ್ಯವಂತರಲ್ಲಿ ಈ ಒಳಸ್ನಾಯುಗಳು ಮುಂಚಿತವಾಗಿಯೇ ಬಿಗಿದು ಬೆನ್ನನ್ನು ಅಣಿಗೊಳಿಸುತ್ತವೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ಪ್ರಕಟಿಸಿದ ಪ್ರಯೋಗವು ಇಂಥ ಕೈಯೆತ್ತುವಿಕೆಯನ್ನೇ ಕುರಿತದ್ದು. ಸೊಂಟನೋವುಳ್ಳವರಲ್ಲಿ ಹೊಟ್ಟೆಯ ಒಳಸ್ನಾಯು ತಡವಾಗಿ ಎಚ್ಚರಗೊಳ್ಳುವುದು ಅದರಿಂದ ತಿಳಿದುಬಂತು. ನೋವು ಪದೇ ಪದೇ ಮರುಕಳಿಸುವವರಲ್ಲಿ, ನೋವಿಲ್ಲದ ದಿನಗಳಲ್ಲಿಯೂ ಮಲ್ಟಿಫಿಡಸ್‌ನ ಆಳದ ಎಳೆಗಳು ತಡಮಾಡುತ್ತವೆಂದು 2009ರ ಅಧ್ಯಯನವೊಂದು ತೋರಿಸಿತು.

ಜೂಲಿ ಹೈಡ್ಸ್ ಮತ್ತು ಸಂಗಡಿಗರು ಮೊದಲ ಬಾರಿ ಸೊಂಟನೋವಿಗೆ ತುತ್ತಾದ 39 ಮಂದಿಯನ್ನು ಪರೀಕ್ಷಿಸಿದರು. ಕೆಲವೇ ವಾರಗಳಲ್ಲಿ ನೋವು ಇಳಿದರೂ, ಕುಗ್ಗಿದ ಮಲ್ಟಿಫಿಡಸ್ ತಾನಾಗಿ ಮೊದಲಿನಂತಾಗಲಿಲ್ಲ. ಒಳಸ್ನಾಯುವಿನ ವ್ಯಾಯಾಮ ಮಾಡಿದವರಲ್ಲಿ ವರ್ಷದೊಳಗೆ ಶೇ. 30ರಷ್ಟು ಮಂದಿಗೆ ನೋವು ಮರಳಿತು, ಮಾಡದವರಲ್ಲಿ ಶೇ. 84ರಷ್ಟು ಮಂದಿಗೆ. ನೋವು ತೀರಿತೆಂದು ಲೆಕ್ಕ ಮುಗಿಸುವವರು ಗಮನಿಸಬೇಕಾದ ಬಾಕಿ ಇದು.

ಆದರೆ ಇದು ಕಿರಿದಾದ ಅಧ್ಯಯನ. ದೀರ್ಘಕಾಲಿಕ ನೋವಿಗೆ ಒಳಸ್ನಾಯುವಿನ ವ್ಯಾಯಾಮವು ಇತರ ವ್ಯಾಯಾಮಗಳಿಗಿಂತ ಹೆಚ್ಚೇನೂ ಮೇಲಲ್ಲವೆಂದು ಮುಂದಿನ ವಿಮರ್ಶೆಗಳು ತಿಳಿಸಿವೆ. ಆದುದರಿಂದ ವ್ಯಾಯಾಮದ ಹೆಸರಿಗಿಂತ ಅದನ್ನು ಬಿಡದೆ ಮಾಡುವುದು ಮುಖ್ಯ. ನಡುಪಟ್ಟಿಯನ್ನು ಎಲ್ಲರಿಗೂ ವಾಡಿಕೆಯಾಗಿ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಒಪ್ಪುವುದಿಲ್ಲ. ವ್ಯಾಯಾಮವನ್ನು ಅದು ಶಿಫಾರಸು ಮಾಡುತ್ತದೆ.

ಅಂಗಸಾಧನೆಯನ್ನು ಕಲಿಸುವ ಫಿಸಿಯೋಥೆರಪಿ ಶಾಸ್ತ್ರಕ್ಕೆ ಮುಂಬಯಿ ಹೊಸದಲ್ಲ. 1950ರ ದಶಕದ ಆರಂಭದಲ್ಲಿಯೇ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಇದರ ಶಾಲೆ ತೆರೆಯಿತು. ತಜ್ಞರಿಂದ ಕ್ರಮವನ್ನು ಒಮ್ಮೆ ಕಲಿತರೆ ಮನೆಯ ಚಾಪೆಯ ಮೇಲೆ ಅದನ್ನು ಮುಂದುವರಿಸಬಹುದು. ಕಾಲು ಜೋಮುಗಟ್ಟಿ ಬಲಗುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಜ್ವರವೂ ಜೊತೆಗೂಡಿದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು. ಉಳಿದವರು ನೋವಿಲ್ಲದ ದಿನಗಳಲ್ಲಿಯೂ ಸಾಧನೆಯನ್ನು ನಿಲ್ಲಿಸದಿರುವುದು ಲೇಸು.